ರಂಗದಂಚಿನ ಮೇಳ

ಸಂಗೀತ ನಾಟಕದ ಚರಿತ್ರೆ ಬರೆದವರು ನಟರ ಕಂಠವನ್ನು ಮನಸಾರೆ ಹೊಗಳಿದ್ದಾರೆ. ರಂಗದಂಚಿನಲ್ಲಿ ಕೂತ ಮೇಳಕ್ಕೆ ಅದರ ಕಾಲುಪಾಲು ಗೌರವವೂ ಸಂದಿಲ್ಲ. ಯುರೋಪಿನ ಒಪೆರಾ ಮಂದಿರಗಳಲ್ಲಿ ಹತ್ತಾರು ವಾದಕರು ಸ್ವರಲಿಪಿ ಮುಂದಿಟ್ಟುಕೊಂಡು, ನಿರ್ದೇಶಕನ ಕೋಲಿನ ಸನ್ನೆಗೆ ನುಡಿಸುತ್ತಾರೆ. ನಮ್ಮ ನಾಟಕ ಕಂಪನಿಗಳು ಅಷ್ಟೂ ಭಾರವನ್ನು ಪೇಟಿ (ಹಾರ್ಮೋನಿಯಂ), ತಬಲಾ, ಸಾರಂಗಿಗಳ ಮೇಲೆ ಹೊರಿಸಿದವು.

ಈ ರಂಗಪರಂಪರೆಯ ಬೇರು ಬೆಳಗಾವಿ ಜಿಲ್ಲೆಯಲ್ಲಿದೆ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರ 1843ರಲ್ಲಿ ಹುಟ್ಟಿದ್ದು ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಅವರು ಶಿಕ್ಷಕರಾಗಿದ್ದರು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’, 1882ರಲ್ಲಿ ‘ಸೌಭದ್ರ’ ರಂಗಕ್ಕೆ ತಂದಾಗ, ಬಾಲ್ಯದಿಂದ ಕೇಳಿದ್ದ ಕನ್ನಡ ಹಾಡುಗಳ ಧಾಟಿಗಳನ್ನು ಮರಾಠಿ ಪದಗಳಿಗೆ, ಅಂದರೆ ರಂಗಗೀತೆಗಳಿಗೆ, ಕೂಡಿಸಿದರು. ಬೆಳಗಾವಿ, ಖಾನಾಪುರ ಸೀಮೆಯಲ್ಲಿ ಮನೆಮಾತು ಕನ್ನಡವಿರಲಿ, ಮರಾಠಿ, ಕೊಂಕಣಿಯಿರಲಿ, ರಂಗದ ಧಾಟಿಗೆ ಗಡಿಯಿರಲಿಲ್ಲ.

ಮೊದಮೊದಲು ಹಾಡಿನ ಬೆನ್ನಿಗಿದ್ದದ್ದು ಸಾರಂಗಿ. ಆಮೇಲೆ ಬಂದ ಕಾಲುಪೇಟಿ ಅದನ್ನು ಬದಿಗೆ ಸರಿಸಿತು. ಧ್ವನಿವರ್ಧಕವಿಲ್ಲದ ತಗಡಿನ ಥಿಯೇಟರಿನಲ್ಲಿ ಕಡೆಯ ಸಾಲಿಗೂ ಕೇಳುವ ದನಿ ಅದರದ್ದು. ಕಾಲಿನಿಂದ ಗಾಳಿ ತುಂಬುವುದರಿಂದ ಎರಡೂ ಕೈಗೆ ಬಿಡುವು. ನಟ ಮಾತು ಮುಗಿಸುವ ಮೊದಲೇ ಪದದ ಷಡ್ಜ ಸಿದ್ಧವಿರುತ್ತಿತ್ತು. ಆದರೆ ನಷ್ಟವೂ ಸಣ್ಣದಲ್ಲ. ಸ್ವರದ ಮನೆಗಳು ಕಟ್ಟಿಟ್ಟ ಪೇಟಿಯಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹುಟ್ಟುವುದಿಲ್ಲ. ಶ್ರುತಿಯ ಸೂಕ್ಷ್ಮಗಳೂ ಸವೆಯುತ್ತವೆ. ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟದ್ದಕ್ಕೂ ಇದೇ ಆಕ್ಷೇಪಣೆ ಕಾರಣವಾಗಿತ್ತು. ಅತ್ತ ಮರಾಠಿ ರಂಗದ ಗಾಯಕನಟ ಬಾಲಗಂಧರ್ವರು ತಮ್ಮ ಮೇಳದಲ್ಲಿ ಆರ್ಗನ್ ಎಂಬ ಕಾಲುಪೇಟಿಯ ಜೊತೆಗೆ ಕಾದರ್‌ಬಕ್ಷರ ಸಾರಂಗಿಯನ್ನೂ ಅಹಮದ್ ಜಾನ್ ತಿರಕವಾ ಅವರ ತಬಲಾವನ್ನೂ ಉಳಿಸಿಕೊಂಡಿದ್ದರು. ಒಂದು ವಾದ್ಯದ ಕೊರತೆಯನ್ನು ಇನ್ನೊಂದು ತುಂಬುವ ಆ ಜೋಡಣೆಯೇ ಈ ಕಲೆಯ ಅತ್ಯುತ್ತಮ ರೂಪ.

ಪೇಟಿಯ ಮಿತಿಯನ್ನು ಕೈಚಳಕದಿಂದ ಮೀರಬಹುದೆಂದು ಬೆಳಗಾವಿಯಲ್ಲಿ ತೋರಿಸಿದವರು ಪಂಡಿತ ರಾಮಭಾವು ಬಿಜಾಪುರೆ (1917–2010). ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸಂಗೀತ ಶಾಲೆ ಕಟ್ಟಿ ತಲೆಮಾರುಗಳಿಗೆ ಕಲಿಸಿದರು. ಅವರು ಗಾಯನವನ್ನೂ ಕಲಿತವರು. ಹಾಗಾಗಿ ಬೆರಳು ಹಾಡಿನ ಉಸಿರನ್ನು ಅನುಸರಿಸುತ್ತಿತ್ತು. ಸಾಥಿಯ ಮೊದಲ ಗುಣ ಕೇಳುವುದು ಎಂಬುದಕ್ಕೆ ಅವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕನ್ನಡ ಕಂಪನಿಗಳಲ್ಲಿ ಈ ಗುಣ ಇನ್ನೂ ಹೆಚ್ಚು ಬೇಕಿತ್ತು. ಏಣಗಿ ಬಾಳಪ್ಪನವರಂಥ ಹಾಡುವ ನಟರು ಪದವನ್ನು ಮಾತಿನ ಮುಂದುವರಿಕೆಯಂತೆ ಎತ್ತುತ್ತಿದ್ದರು. ವಚನದ ಒಂದು ಶಬ್ದದ ಮೇಲೆ ನಿಂತರೆ ಮೇಳವೂ ನಿಲ್ಲಬೇಕು. ‘ಒನ್ಸ್ ಮೋರ್’ ಬಂದರೆ ಪದ ಮತ್ತೆ ಮೊದಲಾಗಬೇಕು. ಸ್ವರಲಿಪಿಗೆ ಕಟ್ಟುಬಿದ್ದ ದೊಡ್ಡ ವಾದ್ಯವೃಂದಕ್ಕೆ ಇದು ಸುಲಭವಲ್ಲ. ನಮ್ಮ ಮೇಳದ ಹಿರಿಮೆ ಸಂಖ್ಯೆಯಲ್ಲಿಲ್ಲ, ಈ ಎಚ್ಚರದಲ್ಲಿದೆ.

ಈಗಿನ ಪ್ರಯೋಗಗಳಲ್ಲಿ ಕೀಬೋರ್ಡು, ರಿದಂ ಪ್ಯಾಡುಗಳು ಪೇಟಿ, ತಬಲಾಗಳ ಜಾಗ ಹಿಡಿಯುತ್ತಿವೆ. ದನಿ ಹಿಗ್ಗಿದೆ, ಆದರೆ ಲಯ ಮೊದಲೇ ತುಂಬಿಟ್ಟದ್ದಾದರೆ ನಟ ಅದರ ಹಿಂದೆ ಓಡಬೇಕು. ಪದ ಆಗ ನಾಟಕದಿಂದ ಕಳಚಿಕೊಳ್ಳುತ್ತದೆ. ಬೆಳಗಾವಿಯಲ್ಲಿ ಪೇಟಿ ಕಲಿಸುವವರೂ ಕಲಿಯುವವರೂ ಇಂದಿಗೂ ಇದ್ದಾರೆ. ಅವರಿಗೆ ರಾಗಗಳ ಜೊತೆಗೆ ರಂಗಗೀತೆಯ ಸಾಥಿಯನ್ನೂ ಪಾಠವಾಗಿ ಕಲಿಸಬೇಕು. ನಾಟಕದವರು ತಾಲೀಮಿನ ಮೊದಲ ದಿನದಿಂದಲೇ ಅವರನ್ನು ಕರೆಯಬೇಕು. ಮೇಳವನ್ನು ಬಾಡಿಗೆಗೆ ತರುವ ಸಾಮಾನೆಂದು ಎಣಿಸುವವರೆಗೂ ಸಂಗೀತ ನಾಟಕದ ಪುನರುಜ್ಜೀವನ ಬರಿಯ ಮಾತಾಗಿಯೇ ಉಳಿಯುತ್ತದೆ.