‘ತಿಥಿ’ಯ ಗಡ್ಡಪ್ಪನ ಶಾಂತಿ

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿಯವರೇ ಅಭಿನಯಿಸಿದ, ರಾಮ್ ರೆಡ್ಡಿಯವರ ‘ತಿಥಿ’ (2015) ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಚಿತ್ರ. ಪಾಂಡವಪುರ, ನಾಗಮಂಗಲದ ಕಡೆಯ ವಾಚಕರಿಗೆ ಅದರ ಮಾತೂ ಹೊಲವೂ ಪರಿಚಿತವೇ. 101 ವರ್ಷದ ಸೆಂಚುರಿ ಗೌಡ ತೀರಿಕೊಂಡಿದ್ದಾನೆ. ಮೊಮ್ಮಗ ತಮ್ಮಣ್ಣನಿಗೆ 5 ಎಕರೆ ಜಮೀನಿನ ಚಿಂತೆ. ಆತನ ತಂದೆ ಗಡ್ಡಪ್ಪನಿಗೆ ಯಾವುದರ ಚಿಂತೆಯೂ ಇಲ್ಲ. ಮಗನು ಬದುಕಿರುವ ತಂದೆಗೆ ಸುಳ್ಳು ಮರಣಪತ್ರ ಮಾಡಿಸಿ, ಊರು ಬಿಟ್ಟು ತಿರುಗಿ ಬರಲು ಕಳುಹಿಸುತ್ತಾನೆ. ಗಡ್ಡಪ್ಪ ಕುರಿಗಾಹಿಗಳ ಬಿಡಾರ ಸೇರಿ ನೆಮ್ಮದಿಯಾಗಿರುತ್ತಾನೆ.

ಈ ನಿರ್ಲಿಪ್ತತೆಯನ್ನು ಅಪರಿಗ್ರಹವೆಂದು ಭಾವಿಸುವುದು ಸುಲಭ. ನನಗೆ ಹಾಗೆ ತೋರಲಿಲ್ಲ. ಕೈಯ ಬ್ರಾಂದಿ ಸೀಸೆಯ ಮಾತು ಒತ್ತಟ್ಟಿಗಿರಲಿ; ರಾತ್ರಿ ಬೆಂಕಿಯ ಮುಂದೆ ಕುಳಿತು ತನ್ನ ಸಂಸಾರ ಮುರಿದ ಹಳೆಯ ಸಂಗತಿಯನ್ನು ಅವನು ತಣ್ಣಗೆ ಹೇಳುವಾಗ, ಈ ಶಾಂತಿ ಗಾಯದಿಂದ ಹುಟ್ಟಿದ್ದೆಂದು ತಿಳಿಯುತ್ತದೆ. ತ್ಯಾಗಕ್ಕೆ ಬೇಕಾದ ಸಂಕಲ್ಪ ಅವನಲ್ಲಿ ಎಂದೂ ಇದ್ದಂತಿಲ್ಲ. ಆಸೆಯೇ ಅವನನ್ನು ಬಿಟ್ಟುಹೋಗಿದೆ. ನಿರ್ದೇಶಕರು ಅವನನ್ನು ಸಂತನನ್ನಾಗಿ ಮಾಡದಿರುವುದೇ ಚಿತ್ರದ ಹಿರಿಮೆ.

ಒಂದು ಆಕ್ಷೇಪವುಂಟು. ಗಡ್ಡಪ್ಪನ ಮೊಮ್ಮಗ ಅಭಿ ಕುರಿಗಾಹಿ ಹುಡುಗಿಯ ಬೆನ್ನು ಬೀಳುವುದನ್ನೂ, ತಿಥಿಯೂಟಕ್ಕೆಂದು ಕುರಿ ಕದಿಯುವುದನ್ನೂ ಚಿತ್ರ ನಗೆಯಲ್ಲಿ ತೇಲಿಸಿಬಿಡುತ್ತದೆ. ಮುದುಕನ ಮೌನಕ್ಕೆ ಕೊಟ್ಟ ತಾಳ್ಮೆಯಲ್ಲಿ ಸ್ವಲ್ಪವನ್ನಾದರೂ ಆ ಹುಡುಗಿಯ ಮೌನಕ್ಕೂ ಕೊಡಬಹುದಿತ್ತು.