ತಿಂಗಳಿಗೊಂದು ಕೋಟೆ

ಪ್ರತಿ ತಿಂಗಳ ಮೊದಲ ಭಾನುವಾರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಒಂದು ಐತಿಹಾಸಿಕ ಕಾದಂಬರಿ ತರುವುದು ನಮ್ಮ ಬಹಳ ವರ್ಷಗಳ ಚಟ. ಹದಿನೈದು ದಿನ ಕಾದಂಬರಿ ಓದುವುದು, ಉಳಿದ ಹದಿನೈದು ದಿನ ಅದೇ ಕಾಲದ ಬಗ್ಗೆ ಒಂದು ಇತಿಹಾಸದ ಪುಸ್ತಕ ಹಿಡಿದು ಕುಳಿತುಕೊಳ್ಳುವುದು. ಕಾದಂಬರಿಕಾರ ಎಲ್ಲಿ ಕಟ್ಟಿದ, ಎಲ್ಲಿ ಬಿಟ್ಟ, ಯಾರ ಬಾಯಿಗೆ ಮಾತು ಕೊಟ್ಟ, ಯಾರ ಬಾಯಿ ಮುಚ್ಚಿಸಿದ ಎಂದು ನೋಡುವುದರಲ್ಲಿ ಒಂದು ಬಗೆಯ ಪತ್ತೇದಾರಿಕೆಯ ಸುಖವಿದೆ. ಆದರೆ ಪತ್ತೇದಾರಿಕೆಗಾಗಿಯೇ ಓದುತ್ತೇವೆಂದರೆ ಅದು ಸುಳ್ಳು. ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಕೂತು ಒಂದು ಕೋಟೆಯ ದಿಡ್ಡಿ ಬಾಗಿಲು ತೆರೆದುಕೊಳ್ಳುವುದನ್ನು ನೋಡುವ ಆಸೆಯೇ ಮೊದಲನೆಯದು.

ತಿಂಗಳಿಗೊಂದು ಎನ್ನುವ ಲೆಕ್ಕಕ್ಕೂ ಈ ಪ್ರಕಾರಕ್ಕೂ ಹಳೆಯ ನಂಟಿದೆ. ನಮ್ಮ ದೇಶದಲ್ಲಿಯೂ ಅರಬ್ ಜಗತ್ತಿನಲ್ಲಿಯೂ ಐತಿಹಾಸಿಕ ಕಾದಂಬರಿ ಬೆಳೆದದ್ದು ನಿಯತಕಾಲಿಕಗಳ ತೊಟ್ಟಿಲಲ್ಲಿ. ಲಖನೌದ ಅಬ್ದುಲ್ ಹಲೀಂ ಶರರ್ 1887ರಲ್ಲಿ 'ದಿಲ್‌ಗುದಾಜ್' ಪತ್ರಿಕೆ ಆರಂಭಿಸಿ ಅದರಲ್ಲಿ ತಮ್ಮ ಕಾದಂಬರಿಗಳನ್ನು ಕಂತುಕಂತಾಗಿ ಹರಿಸಿದರು. ಕೈರೋದಲ್ಲಿ ಜುರ್ಜಿ ಜೈದಾನ್ 1892ರಲ್ಲಿ 'ಅಲ್ ಹಿಲಾಲ್' ತೆರೆದು, ಕ್ರೈಸ್ತರಾಗಿದ್ದುಕೊಂಡೇ ಇಸ್ಲಾಮಿನ ಇತಿಹಾಸವನ್ನು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಹೇಳಿದರು. ನಮ್ಮ ಗಳಗನಾಥರಿಗೂ 'ಸದ್ಬೋಧ ಚಂದ್ರಿಕೆ' ಇತ್ತು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಆ ಮಾಸ್ತರರ ಕಥೆ ಯಾರಿಗೆ ಗೊತ್ತಿಲ್ಲ? ಓದುವವರೇ ಇಲ್ಲವೆಂದು ಇಂದು ಗೊಣಗುವ ನಮ್ಮಂಥವರು ಆಗಾಗ ಅವರನ್ನು ನೆನೆಯುವುದು ಒಳ್ಳೆಯದು.

ಆದರೆ ಕನ್ನಡಕ್ಕೆ ಈ ಪ್ರಕಾರ ಬಂದ ದಾರಿಯನ್ನೂ ನೋಡಬೇಕು. ಬಿ. ವೆಂಕಟಾಚಾರ್ಯರ ಮೂಲಕ ಬಂಗಾಳದ ಬಂಕಿಮಚಂದ್ರರು ಬಂದರು. ಗಳಗನಾಥರ ಮೂಲಕ ಮರಾಠಿಯ ಹರಿ ನಾರಾಯಣ ಆಪಟೆ ಬಂದರು. ಬ್ರಿಟಿಷ್ ಸರಕಾರವನ್ನು ಎದುರಾಎದುರು ಬೈಯಲಾಗದ ಕಾಲವದು. ಸ್ವಾಭಿಮಾನದ ಕಥೆ ಹೇಳಲು ಒಬ್ಬ ಪರಕೀಯ ಬೇಕಿತ್ತು. ಆಳುತ್ತಿದ್ದ ಪರಕೀಯನನ್ನು ಮುಟ್ಟುವಂತಿರಲಿಲ್ಲ, ಆಳಿ ಹೋದವನನ್ನು ಮುಟ್ಟಬಹುದಿತ್ತು. ಹೀಗೆ ಸುಲ್ತಾನ, ನವಾಬ, ಸುಬೇದಾರ ಎಂಬ ಪಾತ್ರಗಳು ಬಂಗಾಳ, ಪುಣೆಗಳಲ್ಲಿ ವೇಷ ಕಟ್ಟಿಕೊಂಡು ಕನ್ನಡಕ್ಕೆ ಇಳಿದವು. ಬ್ರಿಟಿಷರು ಹೋದರೂ ವೇಷ ಕಳಚಲಿಲ್ಲ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ; ಓದುತ್ತಾ ಹೋದಂತೆ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತಿದ್ದೇವೆ.

ಕಳೆದ ಬಾರಿ ನಾವು ತಂದದ್ದು ತ.ರಾ.ಸು. ಅವರ 'ದುರ್ಗಾಸ್ತಮಾನ'. ಎಷ್ಟನೆಯ ಓದೋ ಲೆಕ್ಕವಿಲ್ಲ. 1982ರಲ್ಲಿ ಬಂದ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅದನ್ನು ಪಡೆಯಲು ತ.ರಾ.ಸು. ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳಿಂದ ಹಿಡಿದು ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಜೀವಮಾನವಿಡೀ ಹೇಳುತ್ತಲೇ ಬಂದ ಲೇಖಕ, ಕೊನೆಗೆ ಕೊನೆಯ ದೊರೆ ಮದಕರಿನಾಯಕನ ಬಳಿಗೆ ಬಂದು ನಿಲ್ಲುತ್ತಾರೆ. ಊರು ಮುಳುಗುವುದು ಗೊತ್ತಿದ್ದೂ ಪುಟ ತಿರುಗಿಸುತ್ತೇವಲ್ಲ, ಅದೇ ಆ ಪುಸ್ತಕದ ಬಲ.

ನಮ್ಮ ಮನೆಯಲ್ಲಿ ಕೆಲವು ಅಧ್ಯಾಯಗಳನ್ನು ಗಟ್ಟಿಯಾಗಿ ಓದುವ ರೂಢಿಯಿದೆ. ತಮ್ಮನ ಮಗ, ಎಂಟನೇ ತರಗತಿಯವನು, ಬಾಗಿಲ ಹತ್ತಿರ ಕೂತು ಕೇಳುತ್ತಾನೆ. ಮುತ್ತಿಗೆಯ ಭಾಗ ನಡೆಯುತ್ತಿದ್ದಾಗ ಒಂದು ರಾತ್ರಿ ಕೇಳಿದ: "ಬಡೇ ಅಬ್ಬಾ, ಆವಾಗ ನಾವು ಕೋಟೆ ಒಳಗಿದ್ವಾ, ಹೊರಗಿದ್ವಾ?"

ನಾವು ಪುಸ್ತಕ ಮುಚ್ಚಿದೆವು. ಅಂದಿನ ಓದು ಅಲ್ಲಿಗೇ ನಿಂತಿತು.

ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಒಬ್ಬ ಕನ್ನಡ ಮುಸ್ಲಿಮ್ ಓದುಗ ಐತಿಹಾಸಿಕ ಕಾದಂಬರಿ ತೆರೆದಾಗಲೆಲ್ಲ ಈ ಪ್ರಶ್ನೆ ಅವನ ಪಕ್ಕದಲ್ಲಿ ಕೂತಿರುತ್ತದೆ. ಓಬವ್ವ ಒನಕೆ ಎತ್ತಿದಾಗ ನಮ್ಮ ಎದೆಯೂ ಹಿಗ್ಗುತ್ತದೆ. 1972ರ 'ನಾಗರಹಾವು' ಚಿತ್ರದಲ್ಲಿ ಆ ದೃಶ್ಯ ಬಂದಾಗ ಟಾಕೀಸಿನಲ್ಲಿ ಸಿಳ್ಳೆ ಹಾಕಿದವರಲ್ಲಿ ನಮ್ಮ ಹಿರಿಯರೂ ಇದ್ದರು. ಕಿಂಡಿಯಲ್ಲಿ ತಲೆ ತೂರಿಸಿದವನ ಹೆಸರೇನು, ಅವನ ಮನೆ ಎಲ್ಲಿ ಎಂದು ಆಗ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಈಗಿನ ಹುಡುಗರಿಗೆ ಶಾಲೆಯ ಅಂಗಳದಲ್ಲಿ ಬೇರೆಯವರು ಮೊದಲೇ ಉತ್ತರ ಕೊಟ್ಟುಬಿಟ್ಟಿರುತ್ತಾರೆ. ಆಮೇಲೆ ಅವರು ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ.

ತಿಂಗಳ ಎರಡನೇ ಭಾಗದಲ್ಲಿ ನಾವು ರೈಸ್ ಅವರ ಮೈಸೂರು ಗೆಜೆಟಿಯರ್ ತೆಗೆದೆವು. 1779ರಲ್ಲಿ ದುರ್ಗ ಹೈದರನ ಕೈಗೆ ಬಿದ್ದದ್ದು ಪಾಳೆಯಗಾರನ ಸೇವೆಯಲ್ಲಿದ್ದ ಮುಸ್ಲಿಮ್ ಅಧಿಕಾರಿಗಳು ಮುನಿದು ತಿರುಗಿಬಿದ್ದದ್ದರಿಂದ ಎಂಬರ್ಥದ ಮಾತು ಅಲ್ಲಿದೆ. ಈ ಸಂಗತಿಗಳಿಗೆಲ್ಲ ಹಿಂದೆ ನಿಂತಿರುವವನು ವಿಲ್ಕ್ಸ್. ಕಂಪನಿಯ ಸೇನಾಧಿಕಾರಿ, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಹೈದರ್ ಮತ್ತು ಟೀಪುವಿನ ಬಗ್ಗೆ ಅವನು ಒಳ್ಳೆಯದು ಬರೆಯಲು ಕಾರಣಗಳು ಕಡಿಮೆ. ಅದನ್ನು ಹಿಡಿದು ಇಡೀ ಸಂಗತಿಯನ್ನೇ ತಳ್ಳಿಹಾಕಬಹುದಿತ್ತು. ನಾವು ಹಾಗೆ ಮಾಡಲಿಲ್ಲ. ಆ ಮಾತನ್ನು ಇನ್ನೊಮ್ಮೆ ಓದಿದೆವು. ದ್ರೋಹದ ಆರೋಪ ಇದೆ, ನಿಜ. ಆದರೆ ಅದೇ ಮಾತಿನೊಳಗೆ ಇನ್ನೊಂದು ಸಂಗತಿಯೂ ಇದೆ: ಬೇಡ ದೊರೆಯ ಕೋಟೆಯಲ್ಲಿ, ಅಧಿಕಾರದ ಸ್ಥಾನಗಳಲ್ಲಿ, ಮುಸ್ಲಿಮರಿದ್ದರು. ದೊರೆ ಅವರ ಕೈಗೆ ಆಯುಧ ಕೊಟ್ಟು ಬುರುಜು ಕಾಯಲು ನಂಬಿದ್ದ.

ಹೊರಗಿನ ಪಾಳೆಯದ ಲೆಕ್ಕವೂ ಹುಡುಗ ಅಂದುಕೊಂಡಷ್ಟು ಸರಳವಲ್ಲ. ಹೈದರನ ಖಜಾನೆಯ ಲೆಕ್ಕ ಹಿಡಿದು ಮೇಲೆ ಬಂದ ಪೂರ್ಣಯ್ಯ ಟೀಪುವಿಗೂ ಮಂತ್ರಿಯಾದ, ಟೀಪು ಸತ್ತ ಮೇಲೆ ಮೈಸೂರಿನ ದಿವಾನನೂ ಆದ. ಇತ್ತ ದುರ್ಗ ಬಿದ್ದ ಮೇಲೆ ಹೈದರ ಮಾಡಿದ್ದನ್ನು ಮುಚ್ಚಿಡುವುದಕ್ಕೂ ನಮಗೆ ಮನಸ್ಸಿಲ್ಲ. ಇಪ್ಪತ್ತು ಸಾವಿರ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಎಂದು ಅದೇ ಗೆಜೆಟಿಯರ್ ಹೇಳುತ್ತದೆ. ಪ್ರಾಯಕ್ಕೆ ಬಂದ ಹುಡುಗರನ್ನು ಆರಿಸಿ 'ಚೇಲಾ' ಪಡೆಗಳನ್ನು ಕಟ್ಟಿದ. ಆ ಹುಡುಗರ ತಾಯಂದಿರ ಕಡೆಯಿಂದ ನೋಡಿದರೆ ಹೈದರನ ಆಡಳಿತ ಜಾಣ್ಮೆಯ ಹೊಗಳಿಕೆ ಗಂಟಲಲ್ಲಿ ಇಳಿಯುವುದಿಲ್ಲ. ತಮ್ಮನ ಮಗನಿಗೆ ಇದನ್ನೂ ಹೇಳಿದೆವು. ಅವನ ವಯಸ್ಸಿನವರೇ ಇದ್ದರು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ.

ತ.ರಾ.ಸು. ಹೈದರನನ್ನು ದಡ್ಡನನ್ನಾಗಿ ಮಾಡಲಿಲ್ಲ. ಶತ್ರುವನ್ನು ಸಣ್ಣವನನ್ನಾಗಿಸಿದರೆ ನಾಯಕನೂ ಸಣ್ಣವನಾಗುತ್ತಾನೆಂಬುದು ಅವರಿಗೆ ಗೊತ್ತಿತ್ತು. ಆದರೆ ಅವರ ಪ್ರೀತಿ ದುರ್ಗದ ಮೇಲೆ, ಅದನ್ನು ಅವರು ಮುಚ್ಚಿಟ್ಟಿಲ್ಲ. ಬಹಿರಂಗ ಪಕ್ಷಪಾತವನ್ನು ಓದುಗ ಕ್ಷಮಿಸಬಲ್ಲ. ಪ್ರೀತಿಯಿಂದ ಹುಟ್ಟಿದ ಪಕ್ಷಪಾತವಾದರೆ ಅದನ್ನು ಇಷ್ಟಪಡಲೂ ಬಲ್ಲ. ನಮಗೆ ಕಷ್ಟವಾಗುವುದು ದ್ವೇಷವನ್ನು ಪ್ರಮಾಣಪತ್ರದೊಂದಿಗೆ ತಂದು ಮುಂದಿಡುವ ಕಾದಂಬರಿಗಳು.

ಎಸ್.ಎಲ್. ಭೈರಪ್ಪನವರ 'ಆವರಣ'ವನ್ನು 2007ರಲ್ಲಿ ಎಲ್ಲರಂತೆ ನಾವೂ ಓದಿದೆವು. ಕೆಲವೇ ತಿಂಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡ ಪುಸ್ತಕ. 2025ರಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ಇನ್ನೊಮ್ಮೆ ತೆರೆದು ನೋಡಿದೆವು. 'ಪರ್ವ' ಬರೆದ ಕೈ ಎಂಬ ಗೌರವ ನಮಗಿದೆ. ಮೊಗಲ್ ಕಾಲದಲ್ಲಿ ಸೆರೆಯಾದ ರಜಪೂತ ರಾಜಕುಮಾರನ ಯಾತನೆಯನ್ನು ಹೇಳುವ ಒಳಕಥೆಯಲ್ಲಿ ಆ ಕೈಯ ಬಲ ಅಲ್ಲಲ್ಲಿ ಕಾಣುತ್ತದೆ. ಆದರೆ ಹೊರಕಥೆಯಲ್ಲಿ ಲಕ್ಷ್ಮಿಗೆ ಎದುರಾಗಿ ವಾದಿಸಬೇಕಾದ ಅಮೀರ್ ಆಗಲಿ ಪ್ರೊಫೆಸರ್ ಶಾಸ್ತ್ರಿಯಾಗಲಿ ಸೋಲಲೆಂದೇ ಕಟೆದ ಗೊಂಬೆಗಳು. ಕಾದಂಬರಿಯೊಳಗೇ ಆಧಾರಗ್ರಂಥಗಳ ಪಟ್ಟಿ ಕೊಡಲಾಗಿದೆ. ಪಟ್ಟಿ ಎಷ್ಟು ಉದ್ದವಿದ್ದರೂ ಅದು ಒಂದು ಪಾತ್ರಕ್ಕೆ ಉಸಿರು ಕೊಡಲಾರದು. ಘಟನೆ ನಡೆದದ್ದು ನಿಜವೇ ಎಂಬ ಜಗಳದಲ್ಲಿ ವರ್ಷಗಟ್ಟಲೆ ಪತ್ರಿಕೆಗಳ ಪುಟ ತುಂಬಿದವು. ಇದು ಕಾದಂಬರಿಯಾಗಿ ನಡೆದಾಡುತ್ತದೆಯೇ ಎಂದು ಕೇಳಿದವರು ಕಡಿಮೆ. ನಮ್ಮ ಮಟ್ಟಿಗೆ ಅದು ಅರ್ಧ ದಾರಿಯಲ್ಲಿ ಕುಂಟುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಉರ್ದು ಕಪಾಟನ್ನೂ ತೆರೆಯದಿದ್ದರೆ ಮೋಸವಾಗುತ್ತದೆ. ಅಲ್ಲಿ ಸಾಲಾಗಿ ನಿಂತಿರುವವರು ನಸೀಂ ಹಿಜಾಜಿ. ನಮ್ಮ ಅಬ್ಬಾ ಅವರ ಕಾಲದಲ್ಲಿ ಕೈಯಿಂದ ಕೈಗೆ ಹೋಗಿ ಬೆನ್ನು ಮುರಿದ ಪ್ರತಿಗಳು. ಟೀಪುವಿನ ಪತನದ ಕುರಿತ 'ಔರ್ ತಲವಾರ್ ಟೂಟ್ ಗಯೀ' ಓದಿ ಹದಿನಾರರ ಪ್ರಾಯದಲ್ಲಿ ನಾವು ಅತ್ತದ್ದಿದೆ. ಈಗ ಓದಿದರೆ ಅಲ್ಲಿಯೂ ಅದೇ ರೋಗ, ಬಣ್ಣ ಮಾತ್ರ ಬೇರೆ. ನಾಯಕನಿಗೆ ಒಂದು ತಪ್ಪಿಲ್ಲ, ಒಂದು ಸಂದೇಹವಿಲ್ಲ. ಸೋಲೆಲ್ಲ ದ್ರೋಹಿಗಳಿಂದ. ಕಥೆ ನಡೆಯುವುದು ಶ್ರೀರಂಗಪಟ್ಟಣದಲ್ಲಿ, ಆದರೆ ಕಾವೇರಿಯ ಒದ್ದೆ ಮಣ್ಣಾಗಲಿ, ರಾಗಿ ಹೊಲವಾಗಲಿ ನಮ್ಮ ಕಣ್ಣಿಗೆ ಕಟ್ಟಲಿಲ್ಲ. ಆ ಊರು ಎಲ್ಲಿದ್ದರೂ ನಡೆಯುತ್ತಿತ್ತು. 'ಆವರಣ'ವನ್ನು ತೂಗಿದ ತಕ್ಕಡಿಯಲ್ಲಿಯೇ ಇದನ್ನೂ ಇಟ್ಟರೆ ಮುಳ್ಳು ಹೆಚ್ಚು ಅಲುಗಾಡುವುದಿಲ್ಲ. ಕುರ್ರತುಲ್ ಐನ್ ಹೈದರರ 'ಆಗ್ ಕಾ ದರಿಯಾ' ಮಾತ್ರ ಆ ಕಪಾಟಿನಲ್ಲಿ ಬೇರೆಯೇ ಎತ್ತರದಲ್ಲಿದೆ. ಅದಕ್ಕೆ ಒಂದು ತಿಂಗಳು ಸಾಲದು.

ಹಾಗಾದರೆ ಮತ್ತೆ ಮತ್ತೆ ತರುವ ಪುಸ್ತಕ ಯಾವುದು? ಮಾಸ್ತಿಯವರ 'ಚಿಕವೀರ ರಾಜೇಂದ್ರ'. 1956ರ ಕಾದಂಬರಿ, 1983ರ ಜ್ಞಾನಪೀಠ ತಂದದ್ದು. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋದ ಕಥೆ. ದೊರೆ ಕ್ರೂರಿ, ಕಾಮುಕ, ಕುಡುಕ. ಅವನ ಬಲಗೈ ಕುಂಟ ಬಸವ ಅವನಿಗಿಂತ ಒಂದು ಹೆಜ್ಜೆ ಮುಂದೆ. ಆದರೂ ಮಾಸ್ತಿ ಯಾರ ಮೇಲೂ ಹಲ್ಲು ಕಡಿಯುವುದಿಲ್ಲ. ಕೆಟ್ಟವನು ಹೇಗೆ ಕೆಟ್ಟ ಎಂದು ಮನೆಯ ಹಿರಿಯರು ಹೇಳುವ ಹಾಗೆ, ಧ್ವನಿ ಏರಿಸದೆ ಹೇಳುತ್ತಾರೆ. ಗೌರಮ್ಮ ರಾಣಿಯ ಸಹನೆ, ಬೋಪಣ್ಣನ ಇಬ್ಬಂದಿತನ, ಎಲ್ಲರೂ ತಮ್ಮ ತಮ್ಮ ನ್ಯಾಯದಲ್ಲಿಯೇ ನಡೆದು ಕೊನೆಗೆ ನಾಡನ್ನು ಪರರಿಗೆ ಒಪ್ಪಿಸುವ ಬಗೆ, ಇದನ್ನು ಓದುವಾಗ ಒಳಗಿನವರು ಯಾರು ಹೊರಗಿನವರು ಯಾರು ಎಂಬ ಗೆರೆ ಅಳಿಸಿಹೋಗುತ್ತದೆ. ಇಂಗ್ಲಿಷರ ವಿಷಯದಲ್ಲಿ ಮಾಸ್ತಿಯವರ ಮೃದುತನ ತುಸು ಹೆಚ್ಚಾಯಿತೆಂಬುದು ನಮ್ಮ ತಕರಾರು. ಆದರೆ ಆ ಮೃದುತನವಿಲ್ಲದಿದ್ದರೆ ಅವರು ಚಿಕವೀರನನ್ನೂ ಅಷ್ಟು ಹತ್ತಿರದಿಂದ ನೋಡುತ್ತಿರಲಿಲ್ಲವೇನೋ.

ನಿರಂಜನರ 'ಚಿರಸ್ಮರಣೆ' ಇನ್ನೊಂದು. ಕಯ್ಯೂರಿನ ರೈತ ಹೋರಾಟದಲ್ಲಿ 1943ರ ಮಾರ್ಚ್ 29ರಂದು ಗಲ್ಲಿಗೇರಿದ ನಾಲ್ವರಲ್ಲಿ ಒಬ್ಬ ಅಬೂಬಕ್ಕರ್. ಅಪ್ಪು, ಚಿರುಕಂಡ, ಕುಞಂಬು ಇವರ ಜೊತೆಗೇ ಅವನ ಹೆಸರು ಬರುತ್ತದೆ, ಹೋಗುತ್ತದೆ. ಅವನು ಸೌಹಾರ್ದದ ಮಾದರಿಯಾಗಿ ಅಲ್ಲಿಲ್ಲ. ಗೇಣಿಯ ಭಾರ ಅವನಿಗೂ ತಾಗಿತ್ತು, ಅದಕ್ಕಾಗಿ ಇದ್ದಾನೆ. ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಸಾವಿರ ಪುಟ ಮೀರಿದ್ದರಿಂದ ನಮ್ಮ ತಿಂಗಳ ಲೆಕ್ಕವನ್ನೇ ಕೆಡಿಸಿತು. ದೇಶ ವಿಭಜನೆಯ ಬೆಂಕಿಯನ್ನು ದಕ್ಷಿಣ ಕನ್ನಡದ ಒಂದು ಹಳ್ಳಿಯ ಅಂಗಳಕ್ಕೆ ತಂದು ಕೂರಿಸಿ, ನಡುನಡುವೆ ನಗಿಸುವ ಧೈರ್ಯ ಬೇರೆ ಯಾರಿಗಿದೆ? 2016ರಲ್ಲಿ ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂದಾಗ ನಮ್ಮ ಬೀದಿಯಲ್ಲಿ ಸಿಹಿ ಹಂಚಿದವರಿದ್ದರು.

ಇತ್ತೀಚಿನವುಗಳಲ್ಲಿ ವಸುಧೇಂದ್ರರ 'ತೇಜೋ ತುಂಗಭದ್ರಾ' ನಮ್ಮನ್ನು ಎರಡು ರಾತ್ರಿ ಮಲಗಗೊಡಲಿಲ್ಲ. 2019ರ ಕಾದಂಬರಿ. ಒಂದು ದಡದಲ್ಲಿ ಲಿಸ್ಬನ್, ಇನ್ನೊಂದು ದಡದಲ್ಲಿ ವಿಜಯನಗರ. ಅಲ್ಲಿ ಯಹೂದಿಗಳ ಮೇಲೆ ನಡೆಯುವ ಹಿಂಸೆ, ಇಲ್ಲಿ ಸಹಗಮನ, ಪ್ರಾಣಾರ್ಪಣೆಯ ಹರಕೆಗಳು. ನಡುವೆ 1510ರಲ್ಲಿ ಆಲ್ಬುಕರ್ಕ್ ಗೋವೆಯಲ್ಲಿ ಹರಿಸಿದ ಮುಸ್ಲಿಮರ ರಕ್ತ. ಧರ್ಮದ ಹೆಸರಿನ ಕ್ರೌರ್ಯ ಯಾವ ಒಂದು ನದಿಯ ಸೊತ್ತೂ ಅಲ್ಲ ಎಂದು ಭಾಷಣ ಮಾಡದೆಯೇ ತೋರಿಸುತ್ತದೆ. ಕಥೆ ಕಟ್ಟುವ ಹುರುಪಿನಲ್ಲಿ ಕಾಕತಾಳೀಯಗಳು ಸ್ವಲ್ಪ ಹೆಚ್ಚಾಗಿವೆ, ಇರಲಿ. ಒಂದು ಕಾಲದಲ್ಲಿ ಈ ಪ್ರಕಾರ ಮುಗಿಯಿತೆಂದು ವಿಮರ್ಶಕರು ಕೈ ತೊಳೆದುಕೊಂಡಿದ್ದರು; ಕಾಲೇಜು ಹುಡುಗಿಯರು ಈ ಪುಸ್ತಕವನ್ನು ಬಸ್ಸಿನಲ್ಲಿ ಓದುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮಗೊಂದು ದೊಡ್ಡ ಆಸೆಯಿದೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಮೇಲೆ ಮಾಸ್ತಿಯವರ ತಾಳ್ಮೆಯಿಂದ ಬರೆದ ಒಂದು ಕಾದಂಬರಿ ಓದಬೇಕು. 1580ರಲ್ಲಿ ಬಾಲಕನಾಗಿ ಪಟ್ಟವೇರಿದವನು, ದಖನಿಯಲ್ಲಿ 'ಕಿತಾಬೆ ನೌರಸ್' ಬರೆದು ಅದರಲ್ಲಿ ಸರಸ್ವತಿಯನ್ನು ನೆನೆದವನು, ಜಗದ್ಗುರು ಎಂದು ಕರೆಸಿಕೊಂಡವನು. ಅವನನ್ನು ದೇವತೆ ಮಾಡುವುದು ಬೇಡ. ಅವನ ಆಸ್ಥಾನದ ಕುತಂತ್ರ, ಅವನ ಖರ್ಚು, ಅವನು ಕಟ್ಟಲು ಹೊರಟು ಅರ್ಧಕ್ಕೆ ನಿಂತ ನೌರಸಪುರ, ಅದಕ್ಕೆ ಕಲ್ಲು ಹೊತ್ತವರ ಬೆನ್ನು, ಎಲ್ಲ ಬರಲಿ.

ಅಲ್ಲಿಯವರೆಗೆ ಈ ತಿಂಗಳಿಗೆ ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ' ತಂದಿದ್ದೇವೆ. ಕಾದಂಬರಿಯಲ್ಲ, ನಾಟಕ, ಆದರೆ 1565ರ ಯುದ್ಧ, ನಮ್ಮ ಚಟಕ್ಕೆ ಅಡ್ಡಿಯಿಲ್ಲ. ವಿಜಯನಗರದ ಅಳಿಯ ರಾಮರಾಯ ಹಿಂದೊಮ್ಮೆ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು ಎಂದಾಗ ತಮ್ಮನ ಮಗ ನಂಬಲಿಲ್ಲ. ಪುಸ್ತಕವನ್ನು ಕೈಯಿಂದ ಕಿತ್ತುಕೊಂಡು ತಾನೇ ಮೊದಲು ಓದುತ್ತೇನೆಂದು ಮಹಡಿಗೆ ಹೋಗಿದ್ದಾನೆ. ಹೀಗಾಗಿ ನಮ್ಮ ಓದು ಈ ಬಾರಿ ಎರಡನೇ ವಾರಕ್ಕೆ ಬಿತ್ತು.