ಐದು ಸೂತ್ರ, ಒಂದು ತುಂಡು ಹೊಲ

ಎಸ್. ಆರ್. ರಂಗನಾಥನ್ ಅವರ ಪಟಕ್ಕೆ ಹಾರ ಹಾಕಿ, ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕೈ ಮುಗಿಯುವವರು ಬಹಳ ಮಂದಿ. ಅಲ್ಲಿಗೆ ಮಾತು ಮುಗೀತು. ರಾಮಸಮುದ್ರದಂಥ ಊರುಗಳ ಕೇರಿಯಿಂದ ಮೊದಲ ಸಲ ಅಕ್ಷರಕ್ಕೆ ಬಂದ ನಾವು ಆ ಹಾರ ಸರಿಸಿ ಅವರನ್ನು ಓದಬೇಕಾಗಿದೆ. ಅದರಲ್ಲೂ ಕಾನೂನಿನ ಪುಸ್ತಕ ಕೈಯಲ್ಲಿ ಹಿಡಿದು ಓದಬೇಕಾಗಿದೆ.

ಮೊದಲು ಸಲ್ಲಬೇಕಾದ್ದು ಸಲ್ಲಲಿ. ಗಣಿತದ ಮೇಷ್ಟರಾಗಿದ್ದ ಈ ಮನುಷ್ಯ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಓದುಗ ತಾನೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ಮುಟ್ಟುವ ಪದ್ಧತಿ ತಂದರು. ಮುಟ್ಟುವುದೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ರಂಥಾಲಯ ಸರ್ಕಾರದ ಹೊಣೆ ಎಂದು 1930ರಲ್ಲೇ ಮಾದರಿ ಮಸೂದೆ ಬರೆದರು. 1931ರಲ್ಲಿ ಪಂಚಸೂತ್ರಗಳ ಪುಸ್ತಕ ಬಂತು. ಅದೇ ವರ್ಷ ಮನ್ನಾರ್‌ಗುಡಿ ಸೀಮೆಯಲ್ಲಿ ಪುಸ್ತಕಗಳು ಎತ್ತಿನ ಗಾಡಿ ಹತ್ತಿ ಹಳ್ಳಿಗೆ ಹೊರಟವು. 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಕಟ್ಟಿದರು. 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಈಗ ನಮ್ಮ ತಕರಾರು. ಅವರ ಕೋಲನ್ ವರ್ಗೀಕರಣದಲ್ಲಿ ಕಾನೂನಿನ ಗುರುತು ಝಡ್, ಇಂಗ್ಲಿಷ್ ಅಕ್ಷರಮಾಲೆಯ ಕಟ್ಟಕಡೆ. ನಮ್ಮ ಜನಕ್ಕೂ ಕಾನೂನು ಸಿಗೋದು ಕಟ್ಟಕಡೆಗೇ. 1978ರ ಪಿಟಿಸಿಎಲ್ ಕಾಯ್ದೆ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮುರಿದು ಯಾರಾದರೂ ಕೊಂಡಿದ್ದರೆ ಆ ಖರೀದಿ ಅಸಿಂಧು. ಅಸಿಸ್ಟೆಂಟ್ ಕಮಿಷನರರಿಗೆ ಅರ್ಜಿ ಕೊಟ್ಟು ಭೂಮಿ ವಾಪಸ್ ಕೇಳಬಹುದು. 1984ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಕಾಯ್ದೆ ಬಂದು 25 ವರ್ಷವಾದ ಮೇಲೆ ಕೊಟ್ಟ ಅರ್ಜಿ ತಡವಾಯಿತು ಎಂದಿತು. ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ತರಬೇಕಾಯಿತು.

ಓದುಗನ ಸಮಯ ಉಳಿಸಬೇಕೆಂಬುದು ರಂಗನಾಥನ್ನರ ನಾಲ್ಕನೇ ಸೂತ್ರ. ಹಾಗಾದರೆ ಆ 25 ವರ್ಷ ಯಾರ ಲೆಕ್ಕಕ್ಕೆ? ಕಾಯ್ದೆ ಕಪಾಟಿನೊಳಗ ಕುಂತಿತ್ತು. ಹೊಲ ಕಳಕೊಂಡವನು ಅದೇ ಹೊಲದಾಗ ಕೂಲಿಗೆ ನಿಂತಿದ್ದ. ತಡ ಮಾಡಿದವರು ಯಾರು?

ಪ್ರತಿಯೊಬ್ಬ ಓದುಗನಿಗೂ ಪುಸ್ತಕ ದಕ್ಕಬೇಕೆನ್ನುವ ಎರಡನೇ ಸೂತ್ರ ದೊಡ್ಡ ಮಾತು. ಆದರೆ ನಮ್ಮೂರುಗಳಲ್ಲಿ ಪ್ರತಿಯೊಬ್ಬನೂ ಬಾಗಿಲಿನಿಂದ ಒಂದೇ ದೂರದಲ್ಲಿ ನಿಂತಿಲ್ಲ. ಮಹಾಡಿನ ಕೆರೆ ಎಲ್ಲರಿಗೂ ತೆರೆದಿದೆ ಎಂದು ಅಲ್ಲಿನ ಪುರಸಭೆ ಠರಾವು ಮಾಡಿತ್ತು. ಆದರೂ ಆ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು. ಸೂತ್ರವೂ ಠರಾವಿನ ಹಾಗೆಯೇ, ಅದರ ಬೆನ್ನಿಗೆ ನಡೆಯುವ ಕಾಲು ಬೇಕು.

ಕಾನೂನು ಗ್ರಂಥಪಾಲಕನ ವಿದ್ಯೆ ಸಣ್ಣದೇನಲ್ಲ. ಯಾವ ಕಲಂ ಜೀವಂತ, ಯಾವುದಕ್ಕೆ ತಿದ್ದುಪಡಿ ಬಂತು, ಯಾವ ತೀರ್ಪನ್ನು ಮೇಲಿನ ಕೋರ್ಟು ತಳ್ಳಿಹಾಕಿತು ಎಂದು ಹುಡುಕಿ ತೆಗೆಯುವ ವಿದ್ಯೆ ಅದು. ಕಾಲೇಜಿನ ವಿದ್ಯಾರ್ಥಿಗೂ ಪಟ್ಟಣದ ವಕೀಲನಿಗೂ ಸಿಕ್ಕ ಆ ವಿದ್ಯೆ ಶಹಾಪುರ, ಸುರಪುರದ ಕೂಲಿಕಾರನ ತನಕ ಬಂದಿಲ್ಲ. ಮೇಲಾಗಿ ಸುಪ್ರೀಂ ಕೋರ್ಟಿನ ಅಧಿಕೃತ ಭಾಷೆ ಇಂಗ್ಲಿಷ್. ಹೊಸ ಪುರೋಹಿತಶಾಹಿ ಹುಟ್ಟೋದು ಇಲ್ಲೇ: ಮಂತ್ರದ ಜಾಗದಲ್ಲಿ ಕಲಂ ಬಂದಿದೆ, ಅರ್ಥ ಹೇಳಲು ದಕ್ಷಿಣೆ ಕೇಳುತ್ತಾರೆ.

ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಕೇಳಿ. ಪಿಟಿಸಿಎಲ್ ಕಾಯ್ದೆ, 1976ರ ಜೀತ ರದ್ದತಿ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಕನ್ನಡದಲ್ಲಿ, ತಿದ್ದುಪಡಿ ಸಮೇತ ಇವೆಯೇ? ಇಲ್ಲದಿದ್ದರೆ ಹಟ ಹಿಡಿದು ತರಿಸೋಣ. ಇದ್ದರೆ ಕೇರಿಯ ಕಟ್ಟೆ ಮ್ಯಾಲೆ ಕುಂತು ಗಟ್ಟಿಯಾಗಿ ಓದೋಣ. ಓದು ಬಾರದ ಅವ್ವನಿಗೂ ತನ್ನ ಹೊಲದ ಕಲಂ ಯಾವುದೆಂದು ಗೊತ್ತಿರಬೇಕು.